ಹಗಲೆಲ್ಲ ನಿದ್ದೆ: ಯಾವ ಗುಳಿಗೆ, ಯಾವಾಗ, ಎಷ್ಟು?

ಓದುಗರ ಆರೋಗ್ಯ ಪ್ರಶ್ನೋತ್ತರ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಓದುಗರಿಂದ ಹಗಲು ನಿದ್ದೆ ಮತ್ತು ನಾರ್ಕೊಲೆಪ್ಸಿ (ಹಗಲಲ್ಲಿ ತಡೆಯಲಾಗದಂತೆ ನಿದ್ದೆ ಹತ್ತುವ ಮಿದುಳಿನ ಕಾಯಿಲೆ) ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಉತ್ತರ ನರರೋಗ ತಜ್ಞರದು ಮತ್ತು ಔಷಧ ತಜ್ಞರದು. ಗುಳಿಗೆಯ ಪ್ರಮಾಣ ಬರೆದಿರುವುದು ವೈದ್ಯರ ಮುಂದೆ ಕೂತಾಗ ನಿಮಗೆ ಮಾತು ತಿಳಿಯಲಿ ಎಂದು. ಶುರು ಮಾಡುವುದು, ನಿಲ್ಲಿಸುವುದು ಅವರಿಗೇ ಬಿಟ್ಟಿದ್ದು.

ಜೇವರ್ಗಿಯಿಂದ ಒಬ್ಬ ತಾಯಿ

ನನ್ನ ಮಗಗ 19 ವರ್ಷ, ಕಲಬುರಗಿಯಾಗ ಡಿಗ್ರಿ ಓದ್ತಾನ. ಎರಡು ವರ್ಷ ಆಯ್ತು, ಕ್ಲಾಸಿನ್ಯಾಗ ಕುಂತಲ್ಲೇ ಮಲಗ್ತಾನ. ರಾತ್ರಿ ಎಂಟು ತಾಸು ನಿದ್ದಿ ಮಾಡಿದ್ರೂ ಹಂಗೇ. ಗೆಳೆಯರ ಜೋಡಿ ಜೋರ್ ನಕ್ರ ಗದ್ದ ಜೋತು ಬೀಳ್ತದ, ಮೊಣಕಾಲು ಕುಸೀತಾವ. ಒಮ್ಮೆ ಬಿದ್ದೇ ಬಿಟ್ಟ. ಆದ್ರ ಬಿದ್ದಾಗ ಎಲ್ಲಾರ ಮಾತೂ ಕೇಳಿಸ್ತದ ಅಂತಾನ. ನಸುಕಿನ್ಯಾಗ ಎದಿ ಮ್ಯಾಲ ಯಾರೋ ಕುಂತಂಗಾಗಿ ಕೈಕಾಲು ಆಡಂಗಿಲ್ಲಂತ. ಫಿಟ್ಸ್ ಅಂತ ವಾಲ್‌ಪ್ರೊಯೇಟ್ ಗುಳಿಗಿ ಕೊಟ್ಟಾರ. ಅದು ತಗೊಂಡ ಮ್ಯಾಲ ನಿದ್ದಿ ಇನ್ನೂ ಜಾಸ್ತಿ ಆಗ್ಯದ. ಏನು ಮಾಡಬೇಕ್ರಿ?

ಉತ್ತರ: ನೀವು ಬರೆದ ಲಕ್ಷಣಗಳು ಒಟ್ಟಿಗೆ ಕಂಡರೆ ಮೊದಲು ನಾರ್ಕೊಲೆಪ್ಸಿಯನ್ನು ಯೋಚಿಸಬೇಕು ತಾಯಿ. ಫಿಟ್ಸ್ ಇರಲಾರದು ಅನ್ನಲು ಬೇಕಾದ ಸುಳಿವು ನಿಮ್ಮ ಪತ್ರದಲ್ಲೇ ಇದೆ: ನಕ್ಕಾಗಲೇ ಬೀಳುತ್ತಾನೆ, ಬಿದ್ದಾಗ ಎಚ್ಚರ ಇರುತ್ತದೆ. ಇದಕ್ಕೆ ಕ್ಯಾಟಪ್ಲೆಕ್ಸಿ ಎನ್ನುತ್ತಾರೆ. ಕೆಲವು ಸೆಕೆಂಡಿನಿಂದ ಒಂದೆರಡು ನಿಮಿಷ ಇದ್ದು ತಾನಾಗಿ ಹೋಗುತ್ತದೆ. ದೊಡ್ಡ ಫಿಟ್ಸ್‌ನಲ್ಲಿ ಕಾಣುವ ನಾಲಿಗೆ ಕಚ್ಚುವುದು, ಆಮೇಲೆ ತಾಸುಗಟ್ಟಲೆ ಮಂಕಾಗುವುದು ಇದರಲ್ಲಿ ಇರುವುದಿಲ್ಲ.

ಮಿದುಳಿನ ಹೈಪೋಥಲಾಮಸ್ ಭಾಗದ ಕೆಲವು ನರಕೋಶಗಳು ಒರೆಕ್ಸಿನ್ ಎಂಬ ರಾಸಾಯನಿಕ ತಯಾರಿಸುತ್ತವೆ. 1998ರಲ್ಲಿ ಪತ್ತೆಯಾದ ಈ ಒರೆಕ್ಸಿನ್‌ನ ಕೆಲಸ ಎಚ್ಚರವನ್ನು ಗಟ್ಟಿಯಾಗಿ ಹಿಡಿದಿಡುವುದು. ಕ್ಯಾಟಪ್ಲೆಕ್ಸಿ ಇರುವ ನಾರ್ಕೊಲೆಪ್ಸಿಯಲ್ಲಿ ಆ ಕೋಶಗಳೇ ಬಹುಪಾಲು ಸತ್ತಿರುತ್ತವೆ. ಕನಸು ಬೀಳುವ ನಿದ್ದೆಯಲ್ಲಿ ಮೈಯ ಸ್ನಾಯುಗಳು ಸಡಿಲವಾಗಿರುವುದು ಎಲ್ಲರಲ್ಲೂ ಸಹಜ. ಇವರಲ್ಲಿ ಆ ಸಡಿಲಿಕೆ ಎಚ್ಚರದೊಳಗೆ ನುಗ್ಗುತ್ತದೆ. ನಕ್ಕಾಗ ಮೊಣಕಾಲು ಕುಸಿಯುವುದೂ ನಸುಕಿನಲ್ಲಿ ಕೈಕಾಲು ಕಟ್ಟಿದಂತಾಗುವುದೂ ಇದರಿಂದಲೇ. ದೆವ್ವದ ಕಾಟವೂ ಅಲ್ಲ, ಹುಡುಗನ ಸೋಮಾರಿತನವೂ ಅಲ್ಲ.

ವಾಲ್‌ಪ್ರೊಯೇಟ್ ನಿದ್ದೆ ತರುವ ಗುಳಿಗೆ. ಹಾಗಂತ ಮನೆಯಲ್ಲೇ ಒಮ್ಮೆಲೇ ನಿಲ್ಲಿಸಬೇಡಿ. ನಿಜವಾಗಿ ಫಿಟ್ಸ್ ಇದ್ದರೆ ಹಠಾತ್ತಾಗಿ ಬಿಟ್ಟಾಗ ಜೋರಾಗಿ ಬರಬಹುದು. ಗೆಳೆಯರು ನಗಿಸಿದಾಗ ಏನಾಗುತ್ತದೆ ಎಂದು ಮೊಬೈಲಿನಲ್ಲಿ ಅರ್ಧ ನಿಮಿಷದ ವಿಡಿಯೊ ಮಾಡಿಸಿಕೊಳ್ಳಿ. ನೆಲದ ಮೇಲೆ ಚಾಪೆ ಹಾಕಿ ಕೂರಿಸಿ ಮಾಡಲಿ, ನಿಲ್ಲಿಸಿ ಬೇಡ. ನರರೋಗ ತಜ್ಞರಿಗೆ ಹತ್ತು ಮಾತಿಗಿಂತ ಆ ವಿಡಿಯೊ ಹೆಚ್ಚು ಉಪಯೋಗ. ಕಲಬುರಗಿಯಲ್ಲೇ ಮೊದಲು ತೋರಿಸಿ. ಖಚಿತಪಡಿಸುವ ಪರೀಕ್ಷೆಗೆ ಮಾತ್ರ ಪೂರ್ಣ ನಿದ್ರಾ ಪ್ರಯೋಗಾಲಯ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ಗಾಗಲೀ ಹೈದರಾಬಾದಿನ ದೊಡ್ಡ ದವಾಖಾನೆಗಾಗಲೀ ಹೋಗುವ ಮೊದಲು ಫೋನ್ ಮಾಡಿ ಒಂದೇ ಮಾತು ಕೇಳಿ: "ಎಂಎಸ್‌ಎಲ್‌ಟಿ ಮಾಡುತ್ತೀರಾ?" ಹಗಲಲ್ಲಿ ಎಷ್ಟು ಬೇಗ ನಿದ್ದೆ ಹತ್ತುತ್ತದೆ ಎಂದು ಅಳೆಯುವ ಪರೀಕ್ಷೆ ಅದು. ಗೊರಕೆಯ ಪರೀಕ್ಷೆಯಷ್ಟೇ ಮಾಡುವ ಕಡೆ ಹೋದರೆ ದುಡ್ಡೂ ದಂಡ, ದಾರಿಯೂ ದಂಡ.

ಮೊದಲ ರಾತ್ರಿ ತಲೆಗೆ, ಎದೆಗೆ, ಕಾಲಿಗೆ ವೈರು ಹಚ್ಚಿ ಮಲಗಿಸಿ ನಿದ್ದೆ ಅಳೆಯುತ್ತಾರೆ. ಮರುದಿನ ಎರಡೆರಡು ತಾಸಿಗೆ ಒಮ್ಮೆ, 4ರಿಂದ 5 ಸಲ, ಕತ್ತಲೆ ಕೋಣೆಯಲ್ಲಿ ಮಲಗಲು ಹೇಳುತ್ತಾರೆ. ಸರಾಸರಿ 8 ನಿಮಿಷ ಅಥವಾ ಅದಕ್ಕಿಂತ ಬೇಗ ನಿದ್ದೆ ಹತ್ತಿ, ಕನಿಷ್ಠ ಎರಡು ಸಲ 15 ನಿಮಿಷದೊಳಗೆ ಕನಸಿನ ನಿದ್ದೆ ಬಂದರೆ ನಾರ್ಕೊಲೆಪ್ಸಿ ಪರವಾಗಿ ಲೆಕ್ಕ. ಪರೀಕ್ಷೆ ಕೆಡುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ. ಒಂದು, ಹಿಂದಿನ ವಾರ ನಿದ್ದೆಗೆಟ್ಟಿರುವುದು. ಅದಕ್ಕೇ ಎರಡು ವಾರ ಮೊದಲಿನಿಂದ ಮಲಗಿದ, ಎದ್ದ ಹೊತ್ತು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ರಾತ್ರಿ ಬಸ್ಸಿನಲ್ಲಿ ಹೋಗಿ ಮುಂಜಾನೆ ನೇರವಾಗಿ ದಾಖಲಾಗುವುದೂ ಬೇಡ, ಒಂದೆರಡು ದಿನ ಮೊದಲೇ ತಲುಪಿ ಚೆನ್ನಾಗಿ ನಿದ್ದೆ ಮಾಡಲಿ. ಇನ್ನೊಂದು, ಕನಸಿನ ನಿದ್ದೆಯನ್ನು ಅದುಮುವ ಖಿನ್ನತೆಯ ಗುಳಿಗೆಗಳು. ಅವನ್ನು ವೈದ್ಯರು ಸಾಮಾನ್ಯವಾಗಿ ಎರಡು ವಾರ ಮೊದಲೇ ನಿಲ್ಲಿಸುತ್ತಾರೆ. ಫ್ಲುಯೊಕ್ಸೆಟಿನ್ ಮೈಯಲ್ಲಿ ಬಹಳ ದಿನ ಉಳಿಯುವುದರಿಂದ ಅದಕ್ಕೆ ಇನ್ನೂ ಮುಂಚೆ.

ಈಗ ಔಷಧದ ಮಾತು. ನಿಮ್ಮ ಮಗನಿಗೆ ಎರಡು ಬೇರೆ ತೊಂದರೆಗಳಿವೆ, ಹಗಲು ನಿದ್ದೆ ಮತ್ತು ನಕ್ಕಾಗ ಬೀಳುವುದು. ಸಾಮಾನ್ಯವಾಗಿ ಎರಡಕ್ಕೂ ಒಂದೇ ಗುಳಿಗೆ ಸಾಲದು.

ಹಗಲು ನಿದ್ದೆಗೆ ಸಾಮಾನ್ಯವಾಗಿ ಮೊದಲು ಬರೆಯುವುದು ಮೊಡಾಫಿನಿಲ್ ಅಥವಾ ಅದರದೇ ರೂಪವಾದ ಆರ್ಮೊಡಾಫಿನಿಲ್. ಮೊಡಾಫಿನಿಲ್ 100 ಮಿಗ್ರಾಂನಿಂದ ಶುರುವಾಗಿ 200ಕ್ಕೆ ನಿಲ್ಲುವುದು ಹೆಚ್ಚು. ಕೆಲವರಿಗೆ ಮುಂಜಾನೆ 200, ಮಧ್ಯಾಹ್ನ 12ರ ಹೊತ್ತಿಗೆ ಮತ್ತೆ 200 ಬೇಕಾಗುತ್ತದೆ. ಅರ್ಧದಷ್ಟು ಔಷಧ ಮೈಯಿಂದ ಹೋಗಲು ಸುಮಾರು 12ರಿಂದ 15 ತಾಸು ಹಿಡಿಯುವುದರಿಂದ, ಮಧ್ಯಾಹ್ನ 2 ಗಂಟೆ ದಾಟಿದ ಮೇಲೆ ತಗೊಂಡರೆ ರಾತ್ರಿ ನಿದ್ದೆ ಕೆಡುತ್ತದೆ. ಹೊಟ್ಟೆ ತುಂಬ ತಿಂದ ಮೇಲೆ ತಗೊಂಡರೆ ಕೆಲಸ ಶುರುವಾಗುವುದು ಒಂದು ತಾಸು ತಡ. ಮುಂಜಾನೆ ಏಳುವುದೇ ಕಷ್ಟವಿರುವವರು ಗುಳಿಗೆ ಮತ್ತು ನೀರಿನ ತಂಬಿಗೆ ತಲೆಯ ಹತ್ತಿರ ಇಟ್ಟು ಎರಡು ಅಲಾರಂ ಇಡಬಹುದು. 6 ಗಂಟೆಯ ಅಲಾರಂಗೆ ಎದ್ದು ಕೂತು ಗುಳಿಗೆ ನುಂಗಿ ಮತ್ತೆ ಮಲಗಬೇಕು, 7ರ ಅಲಾರಂ ಹೊತ್ತಿಗೆ ಅದು ಹತ್ತಲು ಶುರುವಾಗಿರುತ್ತದೆ. ಮೊದಲ ವಾರ ತಲೆನೋವು, ವಾಕರಿಕೆ ಬರಬಹುದು. ನೀರು ಜಾಸ್ತಿ ಕುಡಿದರೆ, ಪ್ರಮಾಣ ನಿಧಾನವಾಗಿ ಏರಿಸಿದರೆ ಬಹಳ ಮಂದಿಗೆ ಇಳಿಯುತ್ತದೆ. ಮೈಮೇಲೆ ಗುಳ್ಳೆ, ಬಾಯಲ್ಲಿ ಹುಣ್ಣು, ಜ್ವರ ಒಟ್ಟಿಗೆ ಕಂಡರೆ ಮಾತ್ರ ಅದೇ ದಿನ ಗುಳಿಗೆ ಬಿಟ್ಟು ದವಾಖಾನೆಗೆ ಹೋಗಬೇಕು. ಅಪರೂಪ, ಆದರೆ ಜೀವಕ್ಕೆ ಎರವಾಗುವಂಥದು.

ಮೊಡಾಫಿನಿಲ್ ಕ್ಯಾಟಪ್ಲೆಕ್ಸಿ ನಿಲ್ಲಿಸುವುದಿಲ್ಲ. ಅದಕ್ಕೆ ನಮ್ಮಲ್ಲಿ ಹೆಚ್ಚಾಗಿ ಬರೆಯುವುದು ವೆನ್ಲಫ್ಯಾಕ್ಸಿನ್, ನಿಧಾನವಾಗಿ ಬಿಡುಗಡೆಯಾಗುವ ಕ್ಯಾಪ್ಸೂಲ್, 37.5 ಮಿಗ್ರಾಂನಿಂದ ಶುರು, ಬೇಕಾದರೆ 75, 150. ಖಿನ್ನತೆಗೆ ಇದು ವಾರಗಟ್ಟಲೆ ಕಾಯಿಸುತ್ತದೆ, ಕ್ಯಾಟಪ್ಲೆಕ್ಸಿಗೆ ಕೆಲವೇ ದಿನದಲ್ಲಿ ಗುಣ ಕಾಣಿಸುತ್ತದೆ. ಒಂದೆರಡು ದಿನ ಮರೆತರೂ ಬೀಳುವುದು ಮೊದಲಿಗಿಂತ ಜೋರಾಗಿ, ಒಂದರ ಮೇಲೊಂದು ಬರಬಹುದು. ಊರಿಗೆ ಬಂದಾಗ, ಜಾತ್ರೆಗೆ ಹೋದಾಗ ಗುಳಿಗೆ ಖಾಲಿಯಾಗಲು ಬಿಡಬೇಡಿ. ವಯಸ್ಸು 25ರ ಒಳಗಿದ್ದವರಲ್ಲಿ ಶುರುವಿನ ವಾರಗಳಲ್ಲಿ ಮನಸ್ಸು ಕುಗ್ಗುವುದು, ಸಾಯುವ ಮಾತಾಡುವುದು ಕಂಡರೆ ತಕ್ಷಣ ವೈದ್ಯರಿಗೆ ತಿಳಿಸಬೇಕು. ರಕ್ತದೊತ್ತಡವೂ ಏರಬಹುದು, ತಿಂಗಳಿಗೊಮ್ಮೆ ಅಳತೆ ಮಾಡಿಸಿ. ಸೋಡಿಯಂ ಆಕ್ಸಿಬೇಟ್, ಪಿಟೋಲಿಸಂಟ್ ಎಂಬ ಔಷಧಗಳು ಅಮೆರಿಕ, ಯುರೋಪಿನಲ್ಲಿ ನಿದ್ದೆ ಮತ್ತು ಕ್ಯಾಟಪ್ಲೆಕ್ಸಿ ಎರಡಕ್ಕೂ ಬಳಕೆಯಲ್ಲಿವೆ. ಆದರೆ ಮೇಲಿನ ಎರಡು ಗುಳಿಗೆ ಸರಿಯಾದ ಹೊತ್ತಿಗೆ ತಗೊಂಡು ನೋಡುವ ಮೊದಲೇ ಅವುಗಳ ಹಿಂದೆ ಬೀಳಬೇಡಿ.

ಗುಳಿಗೆಯ ಜೊತೆ ಮಧ್ಯಾಹ್ನ 15ರಿಂದ 20 ನಿಮಿಷದ ನಿದ್ದೆ ಬೇಕೇ ಬೇಕು. ನಾರ್ಕೊಲೆಪ್ಸಿಯಲ್ಲಿ ಇದೂ ಚಿಕಿತ್ಸೆಯ ಭಾಗ. ಕಾಲೇಜಿಗೆ ವೈದ್ಯರ ಪತ್ರ ಕೊಟ್ಟು ಊಟದ ಬಿಡುವಿನಲ್ಲಿ ಮಲಗಲು ಒಂದು ಮೂಲೆ ಕೇಳಿ. ಪರೀಕ್ಷೆಯ ದಿನ ಹಾಲ್‌ಗೆ ಹೋಗುವ ಮುಂಚೆಯೂ ಅಷ್ಟು ಹೊತ್ತು ಕಣ್ಣು ಮುಚ್ಚಲಿ.

ಸೇಡಂ, ಸಿಮೆಂಟ್ ಕಾರ್ಖಾನೆ ನೌಕರ, 44 ವರ್ಷ

ಪಾಳಿ ಕೆಲಸ. ಹಗಲೆಲ್ಲ ತೂಕಡಿಕೆ. ಜೊತೆಗಾರರೊಬ್ಬರು ಮೊಡಾಫಿನಿಲ್ ತಗೊಂಡು ರಾತ್ರಿ ಪಾಳಿ ಆರಾಮಾಗಿ ಮಾಡುತ್ತಾರೆ. ನಾನೂ ತಗೊಳ್ಳಬಹುದೇ? ತೂಕ 96 ಕೆಜಿ, ಬಿಪಿ ಗುಳಿಗೆ ನಡೆದಿದೆ. ಗೊರಕೆಗೆ ಹೆದರಿ ಮನೆಯವರು ಬೇರೆ ಕೋಣೆಯಲ್ಲಿ ಮಲಗುತ್ತಾರೆ.

ಉತ್ತರ: ಬೇಡ, ಈಗಲೇ ಬೇಡ. ನಿಮ್ಮ ಪ್ರಶ್ನೆಯ ಕೊನೆಯ ಎರಡು ಸಾಲು ಮೊದಲು ಬರಬೇಕಿತ್ತು. ತೂಕ, ಬಿಪಿ, ಗೊರಕೆ ಮೂರೂ ಇದ್ದ ಮೇಲೆ ಮೊದಲ ಅನುಮಾನ ನಿದ್ದೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾದ ಮೇಲೆ. ಗೊರಕೆ ನಡುವೆ ಒಮ್ಮೆಲೇ ಸದ್ದು ನಿಂತು, ಆಮೇಲೆ ಗಕ್ಕನೆ ಉಸಿರೆಳೆದುಕೊಳ್ಳುತ್ತೀರಾ ಎಂದು ಮನೆಯವರನ್ನೇ ಕೇಳಿ. ಅವರು ಹೌದು ಅಂದರೆ ಪರೀಕ್ಷೆಗೆ ತಡ ಮಾಡಬೇಡಿ. ಮೊಡಾಫಿನಿಲ್ ತಗೊಂಡರೆ ತೂಕಡಿಕೆ ಮರೆಯಾಗುತ್ತದೆ, ಉಸಿರು ಕಟ್ಟುವುದು ಹಾಗೇ ಮುಂದುವರಿದು ಹೃದಯಕ್ಕೆ ಪೆಟ್ಟು ಕೊಡುತ್ತಲೇ ಇರುತ್ತದೆ. ಆ ಗುಳಿಗೆಯಿಂದ ಬಿಪಿ ಏರುವುದೂ ಉಂಟು.

ನಿದ್ದೆ ಎಷ್ಟು ಕಾಡುತ್ತಿದೆ ಎಂದು ನೀವೇ ಅಳೆಯಲು ಎಪ್‌ವರ್ತ್ ಮಾಪಕ ಇದೆ. ಓದುವಾಗ, ಟಿವಿ ನೋಡುವಾಗ, ಸಭೆಯಲ್ಲಿ ಸುಮ್ಮನೆ ಕೂತಾಗ, ಒಂದು ತಾಸು ಬಸ್ಸಿನಲ್ಲಿ ಹೋಗುವಾಗ, ಮಧ್ಯಾಹ್ನ ಮಲಗಿದಾಗ, ಯಾರ ಜೊತೆಗೋ ಮಾತಾಡುವಾಗ, ಊಟವಾಗಿ ಕೂತಾಗ, ಗಾಡಿ ಸಿಗ್ನಲ್‌ನಲ್ಲಿ ನಿಂತಾಗ, ಹೀಗೆ ಎಂಟು ಸಂದರ್ಭ. ನಿದ್ದೆ ಹತ್ತುವ ಸಾಧ್ಯತೆಗೆ ಒಂದೊಂದಕ್ಕೆ 0ಯಿಂದ 3 ಅಂಕ. ಒಟ್ಟು 24ರಲ್ಲಿ 10 ದಾಟಿದರೆ ವೈದ್ಯರಿಗೆ ತೋರಿಸಿ. ನಮ್ಮ ಕಡೆ ಬೇಸಿಗೆಯ ಜಳದಲ್ಲಿ ಊಟವಾದ ಮೇಲೆ ಎಲ್ಲರಿಗೂ ಜೋಂಪು ಹತ್ತುತ್ತದೆ, ಅದೊಂದಕ್ಕೆ 3 ಕೊಟ್ಟರೆ ಗಾಬರಿ ಬೇಡ. ಮಾತಾಡುತ್ತಾ ಇರುವಾಗ, ಗಾಡಿಯಲ್ಲಿ ಕೂತಾಗ ಹತ್ತುವ ನಿದ್ದೆಯೇ ಅಪಾಯದ್ದು.

ಪರೀಕ್ಷೆಯಲ್ಲಿ ತಾಸಿಗೆ 15 ಸಲಕ್ಕಿಂತ ಹೆಚ್ಚು ಉಸಿರು ಕಟ್ಟುತ್ತಿದ್ದರೆ ಚಿಕಿತ್ಸೆ ಸಿಪ್ಯಾಪ್, ಅಂದರೆ ಮಲಗುವಾಗ ಮುಖಕ್ಕೆ ಮಾಸ್ಕ್ ಹಚ್ಚಿ ಒತ್ತಡದಲ್ಲಿ ಗಾಳಿ ಕೊಡುವ ಯಂತ್ರ. ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವಾಗಲೂ ಹಚ್ಚಬೇಕು. ಇದನ್ನು ಮರೆಯುವವರೇ ಹೆಚ್ಚು. ಸಿಮೆಂಟ್ ಧೂಳಿನ ಊರಲ್ಲಿ ಅದರ ಫಿಲ್ಟರ್ ಬೇಗ ಕಟ್ಟುತ್ತದೆ, ತೊಳೆಯುವಂಥದ್ದಾದರೆ ವಾರಕ್ಕೊಮ್ಮೆ ತೊಳೆದು ಪೂರ್ತಿ ಒಣಗಿಸಿ ಹಾಕಿ. ತೇವಾಂಶದ ಡಬ್ಬಿಗೆ ಡಿಸ್ಟಿಲ್ಡ್ ನೀರೇ ಬೇಕು. ಬೋರ್‌ವೆಲ್ ನೀರು ಹಾಕಿದರೆ ಬಿಳಿ ಪದರ ಕಟ್ಟಿ ಕೆಡುತ್ತದೆ. ಕರೆಂಟ್ ಹೋಗುವ ಕಡೆ ಇನ್ವರ್ಟರ್‌ಗೆ ಜೋಡಿಸಿಕೊಳ್ಳಿ.

ಸಿಪ್ಯಾಪ್ ಸರಿಯಾಗಿ ಬಳಸಿದ ಮೇಲೂ ಹಗಲು ನಿದ್ದೆ ಉಳಿದರೆ ಆಗ ಮೊಡಾಫಿನಿಲ್ ಮಾತು. ರಾತ್ರಿ ಪಾಳಿಗೆ ಕೊಡುವುದಾದರೆ ಪಾಳಿ ಶುರುವಾಗುವ ಒಂದು ತಾಸು ಮೊದಲು 200 ಮಿಗ್ರಾಂ. ಈ ಬಳಕೆಗೆ ಅಮೆರಿಕದಲ್ಲಿ 2004ರಲ್ಲಿ ಅನುಮತಿ ಸಿಕ್ಕಿತು. ಯುರೋಪಿನ ಔಷಧ ಸಂಸ್ಥೆ 2010ರಲ್ಲಿ ಚರ್ಮ ಮತ್ತು ಮನಸ್ಸಿನ ಅಡ್ಡಪರಿಣಾಮ ನೋಡಿ, ನಾರ್ಕೊಲೆಪ್ಸಿ ಒಂದಕ್ಕೆ ಮಾತ್ರ ಸಾಕು ಎಂದಿತು. ನಮ್ಮ ಒಲವು ಎರಡನೆಯದರ ಕಡೆಗೆ. ನಿಮ್ಮ ಜೊತೆಗಾರರಿಗೂ ಹೇಳಿ, ಎರಡು ವಾರ ಆ ಗುಳಿಗೆ ಮೇಲೆ ದಿನಕ್ಕೆ ನಾಲ್ಕೇ ತಾಸು ಮಲಗಿ ದುಡಿದರೆ ನಿದ್ದೆಯ ಬಾಕಿ ಹಾಗೇ ಇರುತ್ತದೆ, ಬಾಕಿ ಇದೆ ಎಂಬ ಅರಿವಷ್ಟೇ ಮಾಯ.

ಬೀದರ್, ಶಾಲಾ ಶಿಕ್ಷಕಿ, 27 ವರ್ಷ

ನಾರ್ಕೊಲೆಪ್ಸಿಗೆ ಎರಡು ವರ್ಷದಿಂದ ಮೊಡಾಫಿನಿಲ್ 200 ನಡೆದಿದೆ. ಮದುವೆಯಾಗಿ ನಾಲ್ಕು ತಿಂಗಳು. ಸದ್ಯ ಮಗು ಬೇಡ ಎಂದು ಗರ್ಭನಿರೋಧಕ ಗುಳಿಗೆ ತಗೊಳ್ಳುತ್ತಿದ್ದೇನೆ. ಎರಡೂ ಒಟ್ಟಿಗೆ ಆಗುತ್ತದೆಯೇ?

ಉತ್ತರ: ಕೇಳಿದ್ದು ಬಹಳ ಒಳ್ಳೆಯದಾಯಿತು, ಚೀಟಿ ಬರೆಯುವಾಗ ಹಾರಿಹೋಗುವ ಮಾತಿದು. ಮೊಡಾಫಿನಿಲ್ ಯಕೃತ್ತಿನ ಕಿಣ್ವವನ್ನು ಚುರುಕುಗೊಳಿಸಿ ಗರ್ಭನಿರೋಧಕ ಗುಳಿಗೆಯ ಹಾರ್ಮೋನನ್ನು ಬೇಗ ಕರಗಿಸುತ್ತದೆ. ನೀವು ಒಂದು ದಿನವೂ ತಪ್ಪಿಸದೆ ತಗೊಂಡರೂ ಬಸಿರು ನಿಲ್ಲಬಹುದು. ಮಾಲಾ-ಎನ್, ಮಾಲಾ-ಡಿ, ಖಾಸಗಿ ಕಂಪನಿಯ ಗುಳಿಗೆ ಎಲ್ಲಕ್ಕೂ ಇದೇ ಮಾತು. ತುರ್ತು ಗುಳಿಗೆಯೂ ನಂಬುವಂತಿಲ್ಲ. ಆರ್ಮೊಡಾಫಿನಿಲ್‌ಗೆ ಬದಲಾಯಿಸಿದರೂ ಪರಿಹಾರವಿಲ್ಲ.

ಕಾಪರ್-ಟಿ ಮೇಲೆ ಇದರ ಪರಿಣಾಮ ಇಲ್ಲ. ಸರಕಾರಿ ದವಾಖಾನೆಯಲ್ಲಿ ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದೂ ನಡೆಯುತ್ತದೆ. ಅದು ಆಗುವ ತನಕ ಕಾಂಡೋಮ್ ಬಳಸಿ. ಮಗು ಬೇಕೆಂದಾಗ ಮೊಡಾಫಿನಿಲ್ ನಿಲ್ಲಿಸಿದ ಮೇಲೂ 2 ತಿಂಗಳು ಕಾಯಿರಿ. ಗರ್ಭದ ಶಿಶುವಿಗೆ ಹುಟ್ಟು ದೋಷ ಬರುವ ಸಾಧ್ಯತೆ ಕಂಡುಬಂದಿದ್ದರಿಂದ, ಬಸುರಿಯರಿಗೆ ಈ ಗುಳಿಗೆ ಬೇಡ ಎಂದು ಬ್ರಿಟನ್ನಿನ ಔಷಧ ಇಲಾಖೆ 2020ರಲ್ಲಿ ಎಚ್ಚರಿಸಿದೆ. ಆ ತಿಂಗಳುಗಳಲ್ಲಿ ನಿದ್ದೆಯನ್ನು ಹೇಗೆ ನಿಭಾಯಿಸುವುದು, ಪಾಠದ ನಡುವೆ ಯಾವಾಗ ಮಲಗುವುದು, ರಜೆ ಹೇಗೆ ಹೊಂದಿಸುವುದು ಎಂದು ಮೊದಲೇ ನರರೋಗ ತಜ್ಞರ ಜೊತೆ ಕೂತು ಮಾತಾಡಿ. ಈಗಾಗಲೇ ಮುಟ್ಟು ತಪ್ಪಿದ್ದರೆ ಇಂದೇ ಪರೀಕ್ಷೆ ಮಾಡಿಕೊಳ್ಳಿ.

ಬೀದರ್ ಹಳೆ ಶಹರದಿಂದ ಒಬ್ಬ ಓದುಗ

ಮೊಡಾಫಿನಿಲ್ ಮುಂಜಾನೆ 200, ಮಧ್ಯಾಹ್ನ 100 ತಗೊಳ್ಳುತ್ತೇನೆ. ರಂಜಾನ್‌ನಲ್ಲಿ ರೋಜಾ ಇರುವಾಗ ಏನು ಮಾಡಲಿ?

ಉತ್ತರ: ಮುಂಜಾನೆಯದನ್ನು ಸೆಹರಿಯಲ್ಲಿ (ನಸುಕಿನ ಊಟದ ಹೊತ್ತಿಗೆ) ತಗೊಳ್ಳಬಹುದು, ತೊಂದರೆ ಮಧ್ಯಾಹ್ನದ್ದು. ಅದನ್ನು ಇಫ್ತಾರ್‌ಗೆ ದೂಡಿದರೆ ರಾತ್ರಿ ನಿದ್ದೆ ಹೋಗಿ ಮರುದಿನ ಇನ್ನೂ ಕೆಡುತ್ತದೆ, ಆ ತಪ್ಪು ಮಾಡಬೇಡಿ. ರಂಜಾನ್‌ಗೆ ಎರಡು ವಾರ ಮೊದಲೇ ವೈದ್ಯರಿಗೆ ತೋರಿಸಿ. ಎರಡನ್ನೂ ಸೇರಿಸಿ ಸೆಹರಿಗೆ ಒಂದೇ ಸಲ ಕೊಡಬಹುದೇ, ಅಥವಾ ದಿನದ ಕೊನೆಯ ಭಾಗದಲ್ಲೂ ಪ್ರಭಾವ ಉಳಿಯುವ ಆರ್ಮೊಡಾಫಿನಿಲ್ 150ಕ್ಕೆ ಬದಲಾಯಿಸಬಹುದೇ ಎಂದು ಕೇಳಿ. ಬದಲಾವಣೆ ಮೊದಲ ರೋಜಾದ ದಿನ ಬೇಡ, ಒಂದು ವಾರ ಮುಂಚೆ ಮಾಡಿ ನೋಡಿ.

ಈ ತಿಂಗಳಲ್ಲಿ ನಿದ್ದೆ ಕೆಡಿಸುವುದು ಗುಳಿಗೆಗಿಂತ ತುಂಡಾದ ರಾತ್ರಿ. ರಾತ್ರಿಯ ತರಾವೀಹ್ ನಮಾಜ್ ಮುಗಿಸಿ ನೇರವಾಗಿ ಮಲಗಿ, ನಸುಕಿನ ಫಜರ್ ಆದ ಮೇಲೆ ಒಂದೂವರೆ ತಾಸು, ಮಧ್ಯಾಹ್ನದ ಜುಹರ್ ಆದ ಮೇಲೆ 20 ನಿಮಿಷ ಎಂದು ಹೊಂದಿಸಿಕೊಳ್ಳಿ. ರೋಜಾದ ತಲೆನೋವಿಗೆ ಮೂರು ಕಾರಣ ಸೇರುತ್ತವೆ: ನೀರು ಕಡಿಮೆಯಾಗಿದ್ದು, ಚಹಾ ತಪ್ಪಿದ್ದು, ಮೊಡಾಫಿನಿಲ್. ಇಫ್ತಾರ್‌ನಿಂದ ಸೆಹರಿಯ ತನಕ ನೀರು ಸ್ವಲ್ಪ ಸ್ವಲ್ಪವಾಗಿ ಕುಡಿಯಿರಿ, ಚಹಾ ಒಂದು ವಾರ ಮೊದಲಿನಿಂದ ಇಳಿಸುತ್ತ ಬನ್ನಿ. ಸ್ಕೂಟರ್ ಓಡಿಸುವಾಗ ಕಣ್ಣು ಮುಚ್ಚುವಂತಾದರೆ ಆ ದಿನ ಗಾಡಿ ಮುಟ್ಟಬೇಡಿ. ರೋಗಿಗೆ ಇರುವ ರಿಯಾಯಿತಿ ನಿಮಗೆ ಅನ್ವಯಿಸುತ್ತದೆಯೇ ಎಂಬುದನ್ನು ನಿಮ್ಮ ಮೌಲಾನಾ ಅವರಿಗೆ ವೈದ್ಯರ ಮಾತು ತಿಳಿಸಿ ಕೇಳಿ.

ಸುರಪುರದಿಂದ

ನಮ್ಮ ತಂದೆಗೆ 58. ನಾರ್ಕೊಲೆಪ್ಸಿ ಇರಬಹುದೇ? ಹಗಲು ಮಲಗೇ ಇರುತ್ತಾರೆ. ಸಂಜೆ ಸೇಂದಿ ಕುಡಿಯುತ್ತಾರೆ, ಥಂಡಿಗೆ ಗುಳಿಗೆ ಆಗಾಗ.

ಉತ್ತರ: ಈ ವಯಸ್ಸಿನಲ್ಲಿ ಹೊಸದಾಗಿ ನಾರ್ಕೊಲೆಪ್ಸಿ ಶುರುವಾಗುವುದು ಕಡಿಮೆ. ಥಂಡಿ ಗುಳಿಗೆಯಲ್ಲಿರುವ ಕ್ಲೋರ್‌ಫೆನಿರಮಿನ್ ಮತ್ತು ಸೇಂದಿ ಎರಡೂ ನಿದ್ದೆ ತರುತ್ತವೆ. ಸೇಂದಿಗೆ ನಿದ್ದೆ ತರುವ ರಾಸಾಯನಿಕ ಕ್ಲೋರಲ್ ಹೈಡ್ರೇಟ್ ಅಂದರೆ ಸಿಎಚ್ ಪೌಡರ್ ಬೆರೆಸುವುದು ಈ ಭಾಗದಲ್ಲಿ ಹೊಸ ಸುದ್ದಿಯಲ್ಲ. ಹಾಗಾಗಿ ಒಮ್ಮೆಲೇ ಬಿಡಿಸಲೂ ಹೋಗಬೇಡಿ, ಫಿಟ್ಸ್, ಭ್ರಮೆ ಬರಬಹುದು. ಮನೋರೋಗ ವಿಭಾಗಕ್ಕೆ ಕರೆದೊಯ್ದು ಅವರ ಕಣ್ಣ ಮುಂದೆ ಬಿಡಿಸಿ. ಜೊತೆಗೆ ಥೈರಾಯ್ಡ್, ಹಿಮೋಗ್ಲೋಬಿನ್, ಸಕ್ಕರೆ, ಕ್ರಿಯಾಟಿನಿನ್ ರಕ್ತ ಪರೀಕ್ಷೆ ಮಾಡಿಸಿ.

ಆಳಂದ, 31 ವರ್ಷ

ಮೊಡಾಫಿನಿಲ್ ಒಗ್ಗಲಿಲ್ಲ ಎಂದು ಮಿಥೈಲ್‌ಫೆನಿಡೇಟ್ ಬರೆದಿದ್ದಾರೆ. ಇಲ್ಲಿ ಯಾವ ಮೆಡಿಕಲ್‌ನಲ್ಲೂ ಕೊಡುತ್ತಿಲ್ಲ. ಆನ್‌ಲೈನ್‌ನಲ್ಲಿ ತರಿಸಲೇ?

ಉತ್ತರ: ಆನ್‌ಲೈನ್ ಬೇಡ. ಇದು 1985ರ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯಡಿ ನಿಯಂತ್ರಣದಲ್ಲಿರುವ ಔಷಧ. ಚೀಟಿಯಿಲ್ಲದೆ ಮಾರುವ ಕಡೆ ಸಿಗುವುದು ಅಸಲಿಯೋ ನಕಲಿಯೋ ಹೇಳುವಂತಿಲ್ಲ. ಸಣ್ಣ ಮೆಡಿಕಲ್‌ನವರು ಇದನ್ನು ಇಡುವ ಉಸಾಬರಿಗೇ ಹೋಗುವುದಿಲ್ಲ. ಕಲಬುರಗಿಯಲ್ಲಿ ಮನೋರೋಗ ತಜ್ಞರಿರುವ ದವಾಖಾನೆಗಳ ಒಳಗಿನ ಮೆಡಿಕಲ್‌ನಲ್ಲಿ ವಿಚಾರಿಸಿ. ಚೀಟಿಯಲ್ಲಿ ತಾರೀಖು, ನಿಮ್ಮ ಪೂರ್ತಿ ಹೆಸರು, ವಿಳಾಸ, ಎಷ್ಟು ಗುಳಿಗೆ ಎಂಬುದು, ವೈದ್ಯರ ನೋಂದಣಿ ಸಂಖ್ಯೆ ಸರಿಯಾಗಿರಲಿ. ಒಂದು ಬಿಟ್ಟರೂ ವಾಪಸ್ ಕಳಿಸುತ್ತಾರೆ, ಅವರದೂ ತಪ್ಪಲ್ಲ.

ಸಾದಾ ಗುಳಿಗೆಯ ಪ್ರಭಾವ 3ರಿಂದ 4 ತಾಸು ಮಾತ್ರ. ಅದಕ್ಕೇ ದಿನಕ್ಕೆ ಎರಡು ಮೂರು ಸಲ, 5 ಅಥವಾ 10 ಮಿಗ್ರಾಂನಿಂದ ಶುರು, ಇಡೀ ದಿನಕ್ಕೆ 60 ಮೀರುವಂತಿಲ್ಲ. ಊಟಕ್ಕೆ ಅರ್ಧ ತಾಸು ಮೊದಲು ತಗೊಳ್ಳಿ, ಕೊನೆಯದು ಸಂಜೆ 4ರೊಳಗೆ ಮುಗಿಯಲಿ. ನಿಧಾನ ಬಿಡುಗಡೆಯ ಗುಳಿಗೆಯಾದರೆ ಮುರಿಯಬೇಡಿ, ಅಗಿಯಬೇಡಿ, ಇಡೀ ದಿನದ್ದು ಒಮ್ಮೆಲೇ ಇಳಿದು ಎದೆ ಡವಗುಟ್ಟುತ್ತದೆ. ಹಸಿವು ಕಡಿಮೆಯಾಗಿ ತೂಕ ಇಳಿಯಬಹುದು. ನಾಡಿ, ಬಿಪಿ ಪ್ರತಿ ಭೇಟಿಯಲ್ಲೂ ನೋಡಿಸಿ. ಹೃದ್ರೋಗ, ಗ್ಲಾಕೋಮಾ ಇದ್ದರೆ ಮೊದಲೇ ಹೇಳಿ. ಹಿಂದೆ ಚಟದ ತೊಂದರೆ ಇದ್ದವರು ಅದನ್ನೂ ಮುಚ್ಚಿಡಬಾರದು.

ಹುಮನಾಬಾದ್, ಲಾರಿ ಚಾಲಕ

ನಾರ್ಕೊಲೆಪ್ಸಿ ಎಂದು ಹೇಳಿದ್ದಾರೆ. ಗುಳಿಗೆ ಶುರುವಾಗಿದೆ, ಆರಾಮ ಅನ್ನಿಸುತ್ತಿದೆ. ಹೈದರಾಬಾದ್, ಸೊಲ್ಲಾಪುರ ಟ್ರಿಪ್ ಮುಂದುವರಿಸಬಹುದೇ?

ಉತ್ತರ: ಸದ್ಯ ಇಲ್ಲ. ಆರಾಮ ಅನ್ನಿಸುವುದೇ ಇಲ್ಲಿ ನಂಬಿಕೆಗೆ ಯೋಗ್ಯವಲ್ಲದ ಅಳತೆ. ನಿದ್ದೆ ಹತ್ತುವ ಆ ಮೂರು ನಾಲ್ಕು ಸೆಕೆಂಡ್ ರೋಗಿಗೇ ಗೊತ್ತಾಗುವುದಿಲ್ಲ, 65ನೇ ಹೆದ್ದಾರಿಯಲ್ಲಿ 80 ಕಿಮೀ ವೇಗಕ್ಕೆ ಲಾರಿ ಆಗಲೇ 65 ಮೀಟರಿಗಿಂತ ಹೆಚ್ಚು ಮುಂದೆ ಹೋಗಿರುತ್ತದೆ. ಲೈಸೆನ್ಸ್‌ನ ಫಾರಂ 1ರಲ್ಲಿ ಹಠಾತ್ ಪ್ರಜ್ಞೆ ತಪ್ಪುವ, ತಲೆಸುತ್ತುವ ತೊಂದರೆ ಇದೆಯೇ ಎಂಬ ಪ್ರಶ್ನೆ ಇದೆ. ನಿಮ್ಮಂಥ ಸಾರಿಗೆ ವಾಹನದವರಿಗೆ ವೈದ್ಯರು ಸಹಿ ಮಾಡುವ ಫಾರಂ 1-ಎ ಕೂಡ ಬೇಕು. ಕಾಯಿಲೆ ಮುಚ್ಚಿಟ್ಟು ನವೀಕರಿಸಿದರೆ ಅಪಘಾತವಾದಾಗ ವಿಮೆಯವರು ಅದನ್ನೇ ಹಿಡಿಯುತ್ತಾರೆ.

ಎಚ್ಚರ ಉಳಿಯುತ್ತದೆಯೇ ಎಂದು ಅಳೆಯುವ ಪರೀಕ್ಷೆ ಬೇರೆಯೇ ಇದೆ, ಎಂಡಬ್ಲ್ಯುಟಿ. ಮಂದ ಬೆಳಕಿನ ಕೋಣೆಯಲ್ಲಿ 40 ನಿಮಿಷ ಎಚ್ಚರವಾಗಿ ಕೂರಬೇಕು, ಹೀಗೆ ದಿನದಲ್ಲಿ ನಾಲ್ಕು ಸಲ. ಗುಳಿಗೆಯ ಪ್ರಮಾಣ ಒಂದು ಮಟ್ಟಕ್ಕೆ ನಿಂತು ಕೆಲವು ತಿಂಗಳಾದ ಮೇಲೆ ಇದನ್ನು ಮಾಡಿಸಿ. ನಾಲ್ಕೂ ಸಲ ಪೂರ್ತಿ ಎಚ್ಚರವಿದ್ದರೆ ಸ್ವಂತ ಗಾಡಿ, ಹಗಲು ಹೊತ್ತು, ಒಂದು ತಾಸಿನೊಳಗಿನ ದಾರಿ, ಇಷ್ಟಕ್ಕೆ ವೈದ್ಯರು ಒಪ್ಪಬಹುದು. ಭಾರಿ ವಾಹನಕ್ಕೆ, ರಾತ್ರಿ ಓಡಾಟಕ್ಕೆ ನಾವಾದರೆ ಆಗಲೂ ಒಪ್ಪುವುದಿಲ್ಲ. ಮಾಲೀಕರ ಹತ್ತಿರ ಗೋದಾಮು ಅಥವಾ ಲೋಡಿಂಗ್ ಲೆಕ್ಕದ ಕೆಲಸ ಕೇಳಿ ನೋಡಿ. ಇನ್ನೊಂದು ಮಾತು, ಗುಳಿಗೆಗಳನ್ನು ಲಾರಿ ಕ್ಯಾಬಿನ್‌ನಲ್ಲಿ ಬಿಡಬೇಡಿ. ಮೇ ತಿಂಗಳಲ್ಲಿ ಹೊರಗೆ 42, 43 ಡಿಗ್ರಿ ಇದ್ದರೆ ಮುಚ್ಚಿದ ಕ್ಯಾಬಿನ್ ಒಳಗೆ ಅದಕ್ಕಿಂತ ಬಹಳ ಹೆಚ್ಚು. ಈ ಗುಳಿಗೆಗಳು 30 ಡಿಗ್ರಿಯ ಒಳಗೆ, ಬಿಸಿಲು ತಾಗದ ಕಡೆ ಇರಬೇಕು.